ಚಿರತೆ ತಲೆಗೆ ಡಲ್ಲಾಸ್ ಟಿಕೆಟ್

ದಾವಣಗೆರೆ ಪಿ.ಜೆ. ಬಡಾವಣೆಯ ಸಾವ್ಕಾರ್ರಿಗೆ ಹೊಸ ಚಿಂತೆ ಹತ್ತಿದೆ. ಡಲ್ಲಾಸ್‌ನಲ್ಲಿರುವ ಮಗ ಮನೆ ಕಟ್ಟಿಸಿದ್ದಾನೆ. ಹಾಲ್‌ನ ಗೋಡೆ ಬೋಳಾಗಿ ಕಾಣುತ್ತದಂತೆ. ಮುತ್ತಾತ ಹೊಡೆದ ಚಿರತೆಯ ತಲೆ ಇಲ್ಲಿ ಸುಮ್ಮನೆ ದೂಳು ತಿನ್ನುತ್ತಿದೆಯಲ್ಲ, ಕಳಿಸಿಬಿಡಿ ಎಂದಿದ್ದಾನೆ. ಸಾವ್ಕಾರ್ರು ಕೊರಿಯರ್ ಹುಡುಗನನ್ನು ಕರೆಸಿದರು.

"ಮಂಡಕ್ಕಿ ಹೋಗ್ತತಿ, ಚಟ್ನಿಪುಡಿ ಹೋಗ್ತತಿ, ಇದ್ಯಾಕ್ ಹೋಗಾಂಗಿಲ್ಲಪ?"

"ಪ್ರಾಣಿ ಗೀಣಿ ನಾವು ತಗಳ್ಳಲ್ರೀ ಸಾವ್ಕಾರ್ರೇ."

"ಇದೇನ್ ಉಸಿರಾಡ್ತತೇನೋ?"

ಸತ್ತ ಪ್ರಾಣಿಯನ್ನು ಕಡಲಾಚೆ ಕಳಿಸುವ ವಿದ್ಯೆ ಜಗತ್ತಿನಲ್ಲಿ ಇಲ್ಲದ್ದೇನಲ್ಲ. ಡಾಲರ್ ಎಣಿಸಿ ಚಿರತೆ ಹೊಡೆಯುವವರಿಗಾಗಿ ನಮೀಬಿಯಾಕ್ಕೆ, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ, 2004ರಲ್ಲಿ ನಿಗದಿಯಾದ ಕೋಟಾ ವರ್ಷಕ್ಕೆ 250. ಒಬ್ಬರಿಗೆ ವರ್ಷಕ್ಕೆ ಎರಡೇ. ನಮ್ಮ ರೇಷನ್ ಅಂಗಡಿಯ ಶಿಸ್ತು ಅಲ್ಲಿ ಚಿರತೆಗೆ ಬಂದಿದೆ. ಸುಲಿದ ಕೂಡಲೇ ತೊಗಲಿಗೆ ಉಪ್ಪು ಬೀಳಬೇಕು, ತೂಕಕ್ಕೆ ತೂಕ. ಅದೂ ಪುಡಿ ಉಪ್ಪು. ಹರಳುಪ್ಪು ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ. ಕಿವಿಯನ್ನು ಕಾಲುಚೀಲದಂತೆ ಒಳಹೊರಗು ಮಾಡಬೇಕು, ತುಟಿಯನ್ನು ಒಳಗಿನಿಂದ ಸೀಳಬೇಕು. ಅಲ್ಲಿ ಮಾಂಸ ಉಳಿದರೆ ಕೊಳೆತು, ಕೂದಲ ಬುಡ ಸಡಿಲವಾಗಿ, ತಿಂಗಳುಗಟ್ಟಲೆ ಕಾದು ಪೆಟ್ಟಿಗೆ ತೆರೆದವನಿಗೆ ಬೋಳು ಮೂತಿಯ ಚಿರತೆ ಸಿಗುತ್ತದೆ. ಒಂದು ದಿನ ಬಿಟ್ಟು ನೀರೊಡೆದ ಉಪ್ಪನ್ನು ಕೊಡವಿ, ಹೊಸದು ಹಾಕಿ, ನೆರಳಲ್ಲಿ ಒಣಗಿಸಬೇಕು. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಹಪ್ಪಳದಂತೆ ಹರವಿದರೆ ಹಪ್ಪಳವೇ ಆಗುತ್ತದೆ, ಆಮೇಲೆ ಹದಕ್ಕೆ ಬರುವುದಿಲ್ಲ.

ಇನ್ನು ಪೆಟ್ಟಿಗೆ. ಮರದ್ದಾದರೆ ಹಲಗೆಯ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಕಾಸಿದ್ದಕ್ಕೆ ಮುದ್ರೆ ಬಿದ್ದಿರಬೇಕು. ಇಲ್ಲದಿದ್ದರೆ ಚಿರತೆಯ ಕಾಗದವೆಲ್ಲ ಸರಿಯಿದ್ದೂ ಹಲಗೆಯ ತಪ್ಪಿಗೆ ಮಾಲು ತಡೆಯಲ್ಲಿ ಬೀಳುತ್ತದೆ. ವಿಮಾನದ ಬಾಡಿಗೆ ಲೆಕ್ಕವನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅದು ಮಂಡಕ್ಕಿ ಚೀಲದ ಲೆಕ್ಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. 120, 80, 100ರ ಪೆಟ್ಟಿಗೆ ತಕ್ಕಡಿಯಲ್ಲಿ 45 ಕೆಜಿ ತೂಗಿದರೂ ಬಿಲ್ಲು ಬರುವುದು 160 ಕೆಜಿಗೆ. ಪೆಟ್ಟಿಗೆಯೊಳಗಿನ ಗಾಳಿಗೂ ಕಾಸು.

ಚಿರತೆ ಸೈಟಿಸ್‌ನ ಒಂದನೇ ಅನುಬಂಧದಲ್ಲಿ, ಅಂದರೆ ಅತಿ ಬಿಗಿಯ ಪಟ್ಟಿಯಲ್ಲಿದೆ. ಹಾಗಾಗಿ ಮೊದಲು ತಲುಪುವ ದೇಶದ ಆಮದು ಪರವಾನಗಿ, ಆಮೇಲೆ ಹೊರಡುವ ದೇಶದ ರಫ್ತು ಪರವಾನಗಿ. ರಫ್ತು ಕಾಗದದ ಆಯಸ್ಸು ಆರು ತಿಂಗಳು. ಮೂಲ ಪ್ರತಿಯೇ ಆಗಬೇಕು, ಜೆರಾಕ್ಸ್‌ಗೆ ಕಿಮ್ಮತ್ತಿಲ್ಲ. ತೊಗಲಿಗೆ ಸಿಕ್ಕಿಸಿದ ಟ್ಯಾಗ್‌ನಲ್ಲಿ ದೇಶ, ವರ್ಷ, ಕೋಟಾದಲ್ಲಿ ಇದು ಎಷ್ಟನೆಯದು ಎಂಬ ಸಂಖ್ಯೆ ಇರುತ್ತದೆ. ಕಾಗದದಲ್ಲಿ ಒಂದಂಕಿ ಹೆಚ್ಚುಕಮ್ಮಿಯಾದರೂ ಮಾಲು ಮುಟ್ಟುಗೋಲಾಗಬಹುದು. (ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಜೀವಂತ ಚಿರತೆಗೆ ಇದರಲ್ಲಿ ಒಂದು ಕಾಗದವೂ ಇಲ್ಲ. ಪಾಪ, ಅದರ ಹತ್ತಿರ ಇರುವುದು ತಲೆ ಮಾತ್ರ.)

ಇಷ್ಟೆಲ್ಲ ಕೇಳಿದ ಮೇಲೂ ಸಾವ್ಕಾರ್ರು ಜಗ್ಗಲಿಲ್ಲ. "ಖರ್ಚು ನೋಡ್ಕಣನ" ಎಂದರು. ಆದರೆ ನಮ್ಮಲ್ಲಿ ಉಪ್ಪು, ಹಲಗೆಗಳವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಒಡೆತನದ ಪ್ರಮಾಣಪತ್ರವಿಲ್ಲದ ವನ್ಯಜೀವಿ ವಸ್ತುವಿಗೆ ರಫ್ತಿನ ಬಾಗಿಲು ಮುಚ್ಚಿದೆ. ಪತ್ರವಿದ್ದರೂ ಮಾರುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ 90 ದಿನದೊಳಗೆ ಘೋಷಿಸಬೇಕು. ಅಣ್ಣತಮ್ಮಂದಿರು ಆಸ್ತಿ ಪಾಲಿಗೇ ಕೋರ್ಟಿನಲ್ಲಿ ಮೂವತ್ತು ವರ್ಷ ಕಳೆಯುವ ಊರಿದು. 90 ದಿನ ಯಾರ ನೆನಪಿಗೆ ಬಂದೀತು?

1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ ಘೋಷಿಸಿ ಎಂದರು. 2003ರಲ್ಲಿ ಮತ್ತೆ 180 ದಿನ ಕೊಟ್ಟರು. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ತಂದೊಪ್ಪಿಸಿ ಎಂದು ಮೂರು ತಿಂಗಳು ಕಾಯಿತು. ಪ್ರತಿ ಸಲವೂ ಮನೆಮನೆಯ ತಾತಂದಿರು ಬಂದೂಕು ಹಿಡಿದು ಎದ್ದು ಬಂದರು. ಬೀದಿನಾಯಿ ಕಂಡರೆ ರಸ್ತೆ ಬದಲಿಸುತ್ತಿದ್ದ ತಾತನೂ ಸರಿಯಾಗಿ 1972ಕ್ಕಿಂತ ಮೊದಲೇ ಬೇಟೆ ಮುಗಿಸಿ ಬಂದೂಕು ಒರೆಸಿಟ್ಟಿದ್ದ. 2023ರ ಅಕ್ಟೋಬರ್‌ನಲ್ಲಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬನನ್ನು ಹುಲಿಯುಗುರಿನ ಪದಕಕ್ಕಾಗಿ ಬಂಧಿಸಿದಾಗ ಇದು ತಿರುವುಮುರುವಾಯಿತು. ಹಿಂದಿನ ದಿನದವರೆಗೆ "ಒರಿಜಿನಲ್ ಕಣಲೇ" ಎಂದು ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿದ್ದವರ ಕೊರಳಲ್ಲೆಲ್ಲ ರಾತ್ರೋರಾತ್ರಿ ಪ್ಲಾಸ್ಟಿಕ್ಕೂ ದನದ ಕೊಂಬೂ ನೇತಾಡಿದವು.

ಸಾವ್ಕಾರ್ರ ಬಳಿ ಮಾತ್ರ ಪತ್ರವಿದೆ. ಕಬ್ಬಿಣದ ಪೆಟ್ಟಿಗೆಯಿಂದ ತೆಗೆದು, ಮಡಿಕೆ ಹರಿಯದಂತೆ ಬಿಡಿಸಿ ತೋರಿಸಿದರು. ಮುತ್ತಾತನ ಹೆಸರು, ಮೊಹರು, ಸಹಿ ಎಲ್ಲವೂ ಸರಿಯಾಗಿವೆ. ಕೆಳಗೆ ಗುಂಡುಗುಂಡಾದ ಅಕ್ಷರದಲ್ಲಿ "ಹುಲಿ ತಲೆ – 1" ಎಂದಿದೆ.

ಗೋಡೆಯ ಮೇಲಿರುವುದು ಚಿರತೆ. ಮುಖದ ತುಂಬ ಚುಕ್ಕೆ, ಒಂದೇ ಒಂದು ಪಟ್ಟೆ ಇಲ್ಲ. ಮುತ್ತಾತ ಹೊಡೆದದ್ದು ಚಿರತೆ, ಊರಿಗೆ ಹೇಳಿದ್ದು ಹುಲಿ, ಗುಮಾಸ್ತ ಊರಿನ ಮಾತು ನಂಬಿ ಬರೆದದ್ದೂ ಹುಲಿ. ಈಗ ಅರಣ್ಯ ಇಲಾಖೆಯವರು ಬಂದರೆ ಕೇಳುವುದು ಎರಡು ಪ್ರಶ್ನೆ: ಕಾಗದದಲ್ಲಿರುವ ಹುಲಿ ಎಲ್ಲಿ, ಗೋಡೆಯಲ್ಲಿರುವ ಚಿರತೆ ಎಲ್ಲಿಂದ ಬಂತು?

ಸಾವ್ಕಾರ್ರು ಕನ್ನಡಕ ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. "ಒಳಗೆಲ್ಲ ಬರೀ ಕಾಗದದ ಮುದ್ದೆ ಐತಂತಪ. ಗೊಂಬೆ ಅಂದ್ರಾತು." ಪೂರ್ತಿ ಸುಳ್ಳೂ ಅಲ್ಲ. 1999ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಹದ ಮಾಡಿದ ತೊಗಲನ್ನು ಕಾಗದದ ಮುದ್ದೆಯ ಅಚ್ಚಿಗೇ ಹೊದಿಸಿ, ಗಾಜಿನ ಕಣ್ಣು ಕೂರಿಸುತ್ತಿದ್ದರು. ಆದರೆ ಹೊರಗಿನ ಕೂದಲು ಕಾಗದದ್ದಲ್ಲ. ಅನುಮಾನ ಬಂದ ಅಧಿಕಾರಿ ಚಿಮಟದಲ್ಲಿ ನಾಲ್ಕು ಕೂದಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಹುಲಿಯೋ ಚಿರತೆಯೋ ಗೊಂಬೆಯೋ ಗೊತ್ತಾಗುತ್ತದೆ. ಆ ಲಕೋಟೆಗೆ ಆಮದು ಪರವಾನಗಿ, ಕಾಸಿದ ಹಲಗೆ, 160 ಕೆಜಿಯ ಬಿಲ್ಲು ಯಾವುದೂ ಬೇಡ. ಅರಗಿನ ಮುದ್ರೆ, ಪಂಚರ ಸಹಿ ಇದ್ದರೆ ಅಷ್ಟೇ ಸಾಕು, ಅವತ್ತೇ ಹೊರಡುತ್ತದೆ.