ಸ್ಪಷ್ಟನೆ: ಆರ್ಗೋ ಸಾಗರ ದತ್ತಾಂಶ ಉಚಿತವಾಗಿಯೇ ಇದೆ

‘ಆರ್ಗೋ ಫ್ಲೋಟ್‌ಗಳ ಸಮುದ್ರ ಮಾಹಿತಿ ಇನ್ನು ಹಣ ಕಟ್ಟಿ ಕ್ಲೌಡ್ ಖಾತೆ ತೆರೆದವರಿಗೆ ಮಾತ್ರ, ಅಲ್ಲಿ ಸಿಗುವ ಅಂಕಿಗಳೇ ಅಂತಿಮ’ ಎಂಬ ಸಂದೇಶ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. (ಆರ್ಗೋ ಎಂದರೆ ಸಮುದ್ರದಲ್ಲಿ ತೇಲುತ್ತಾ ನೀರಿನ ತಾಪ, ಉಪ್ಪಿನಂಶ ಅಳೆಯುವ ಫ್ಲೋಟ್ ಎಂಬ ಉಪಕರಣಗಳ ಜಾಗತಿಕ ಯೋಜನೆ.)

ಫ್ರಾನ್ಸಿನ ಬ್ರೆಸ್ಟ್ ಮತ್ತು ಅಮೆರಿಕದ ಮಾಂಟೆರೆಯ ಜಾಗತಿಕ ಕೇಂದ್ರಗಳು ಈ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತವೆ. ಆರ್ಗೋದ ನೀತಿಯೇ ಅದು. ಭಾರತದ ಫ್ಲೋಟ್‌ಗಳ ಮಾಹಿತಿ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಮೂಲಕ ಅಲ್ಲಿಗೆ ಸೇರುತ್ತದೆ. ಬಿಲ್ ಬರುವುದು ನೀವೇ ಕ್ಲೌಡ್‌ನಲ್ಲಿ ಪ್ರತಿ ಇಟ್ಟಾಗ: ಜಾಗಕ್ಕೆ ಬಾಡಿಗೆ, ಸಾಮಾನ್ಯವಾಗಿ ಹೊರಗಿಳಿಸಿಕೊಳ್ಳಲು ಬೇರೆ ಶುಲ್ಕ. ಹಾಗಾಗಿ ಇಡೀ ಸಂಗ್ರಹ ಎಳೆಯಬೇಡಿ. ಮೊದಲು ಸೂಚಿ ಕಡತ ಇಳಿಸಿ. ಪ್ರತಿ ಅಳತೆಯ ಅಕ್ಷಾಂಶ, ರೇಖಾಂಶ, ದಿನಾಂಕ ಅದರಲ್ಲಿವೆ. ಅರಬ್ಬೀ ಸಮುದ್ರದ್ದನ್ನಷ್ಟೇ ಸೋಸಿ ತೆಗೆದುಕೊಳ್ಳಿ. ಕಡತಗಳನ್ನು ನಕಲಿಸುವ ಆರ್‌ಸಿಂಕ್ ಎಂಬ ತಂತ್ರಾಂಶ ಬಳಸಿದರೆ, ಮಳೆಗಾಲದಲ್ಲಿ ಕರೆಂಟ್ ಹೋದರೂ ಆಗಲೇ ಬಂದ ಕಡತಗಳನ್ನು ಮತ್ತೆ ಇಳಿಸಬೇಕಿಲ್ಲ.

ಅಂಕಿಗಳು ಅಂತಿಮವಲ್ಲ ಎನ್ನುವುದು ಇನ್ನೂ ಮುಖ್ಯ. ಕಡತದ ಹೆಸರು ‘ಆರ್’ (R) ಅಕ್ಷರದಿಂದ ಶುರುವಾದರೆ ಅದು ತಕ್ಷಣದ ದತ್ತಾಂಶ, ‘ಡಿ’ (D) ಇದ್ದರೆ ತಜ್ಞರು ಪರಿಶೀಲಿಸಿದ್ದು. ಉಪ್ಪಿನಂಶದ ಸೆನ್ಸರ್ ಕಾಲಕ್ರಮೇಣ ತಪ್ಪು ಅಳತೆ ಕೊಡತೊಡಗಬಹುದು. ಆ ತಿದ್ದುಪಡಿ ಬರಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಸಂಶೋಧನೆಗೆ ‘ಡಿ’ ಕಡತದ ತಿದ್ದಿದ ಮೌಲ್ಯಗಳನ್ನೇ ಬಳಸಿ: ಗುಣಮಟ್ಟದ ಗುರುತು 1 ಎಂದರೆ ಒಳ್ಳೆಯದು, 4 ಎಂದರೆ ಕೆಟ್ಟದ್ದು. ಇಳಿಸಿಕೊಂಡ ದಿನಾಂಕವನ್ನೂ ಬರೆದಿಡಿ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನು ಹಾಕಿ.