ಜುಟ್ಟು ನೋಡಿ ಮಾತಾಡಿ

ಗಿಳಿ ಸಾಕೋಣ ಅಂತ ಮಗಳು ಹಟ ಹಿಡಿದಾಗ ನನ್ನ ಕಣ್ಣಮುಂದೆ ಬಂದದ್ದು ಸಂತೆಯ ಗಿಳಿಶಾಸ್ತ್ರದವನ ಹಸಿರು ಗಿಳಿ. "ಅದನ್ನ ತಂದರೆ ನಮ್ಮ ಭವಿಷ್ಯ ಜೈಲಲ್ಲಿ" ಎಂದಳು. ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವ ಹಾಗಿಲ್ಲ. ಹಾಗಾಗಿ ಮನೆಗೆ ಬಂದದ್ದು ಆಸ್ಟ್ರೇಲಿಯಾ ಮೂಲದ ಕಾಕಟೀಲ್ ಎಂಬ ಪುಟ್ಟ ಗಿಳಿ. ಬೂದು ಮೈ, ಹಳದಿ ಮುಖ, ಕೆನ್ನೆಗೆ ಕೇಸರಿ ಬೊಟ್ಟು, ತಲೆ ಮೇಲೆ ಪೇಟದ ಹಾಗೆ ಜುಟ್ಟು. ಗತ್ತು ನೋಡಿ 'ದಿವಾನರು' ಎಂದು ಹೆಸರಿಟ್ಟೆವು. ತೂಕ ಸುಮಾರು 90 ಗ್ರಾಂ. ಅದರಲ್ಲಿ 80 ಗ್ರಾಂ ಸಿಟ್ಟು ಅಂತ ಆಮೇಲೆ ಗೊತ್ತಾಯಿತು.

ಮೊದಲ ದಿನ ಪಂಜರಕ್ಕೆ ಕೈ ಹಾಕಿದೆ. ದಿವಾನರು ಎಣ್ಣೆ ಹಚ್ಚಿ ಬಾಚಿದ ಹಾಗೆ ಜುಟ್ಟನ್ನು ತಲೆಗೆ ಅಂಟಿಸಿ, ಮೈ ಬಗ್ಗಿಸಿ, ಕೊಕ್ಕು ತೆರೆದು 'ಸ್ಸ್ಸ್' ಎಂದರು. ಎಂಥ ವಿನಯ ಅಂದುಕೊಂಡೆ. ಅಷ್ಟರಲ್ಲಿ ಹೆಬ್ಬೆರಳಿಗೆ ಇಕ್ಕಳ ಹಾಕಿದ ಹಾಗಾಯಿತು.

"ಅಪ್ಪಾ, ಅದು ನಮಸ್ಕಾರ ಅಲ್ಲ, ಬೈಗುಳ!"

ನನ್ನ ಕೂಗು ಪಕ್ಕದ ಮನೆಗೂ ಕೇಳಿಸಿತ್ತು. ದಿವಾನರಿಗಂತೂ ಬಹಳ ಹಿಡಿಸಿತು. ಕಚ್ಚಿದರೆ ಈ ದೊಡ್ಡ ಪ್ರಾಣಿ ಹಾಡುತ್ತದೆ ಅಂತ ಲೆಕ್ಕ ಹಾಕಿ, ದಿನಾ ಒಂದು ಸಲ ಹಾಡಿಸತೊಡಗಿದರು. ನಾನು ಹಲ್ಲು ಕಚ್ಚಿಕೊಂಡು ಸುಮ್ನೆ ನಿಲ್ಲುವುದನ್ನು ಕಲಿತ ಮೇಲೆಯೇ ಅವರಿಗೆ ಬೇಜಾರಾಗಿ ಬಿಟ್ಟದ್ದು.

ಆಮೇಲೆ ಮಗಳು ಪಾಠ ಮಾಡಿದಳು. ಜುಟ್ಟು ನೆಟ್ಟಗೆ ನಿಂತರೆ ಗಾಬರಿ ಇಲ್ಲಾ ಕುತೂಹಲ. ಕುಕ್ಕರ್ ಮೂರು ಸಲ ಕೂಗಿದರೆ ಮೂರು ಸಲವೂ ನಿಲ್ಲುತ್ತದೆ. ಹಿಂದಕ್ಕೆ ಒರಗಿ ತುದಿ ಮಾತ್ರ ಮೇಲಿದ್ದರೆ ನೆಮ್ಮದಿ. ಪೂರ್ತಿ ಮಲಗಿ, ಜೊತೆಗೆ ಬುಸುಗುಟ್ಟಿದರೆ ಕೈ ಜೇಬಿನಲ್ಲಿರಲಿ.

ಪಾಠ ಜಾಸ್ತಿ ಆದದ್ದೂ ತಪ್ಪೇ. ಒಂದು ದಿನ ಜುಟ್ಟು ನೆಮ್ಮದಿಯಾಗೇ ಇತ್ತು, ಬೆರಳು ಚಾಚಿದೆ, ಕೊಕ್ಕು ಮುಂದೆ ಬಂತು. ಹೆದರಿ ಕೈ ಎಳೆದುಕೊಂಡೆ. ದಿವಾನರು ಸೋಫಾ ಮೇಲೆ ದೊಪ್ಪನೆ ಬಿದ್ದರು. ಪಾಪ, ಕಚ್ಚಲು ಬಂದದ್ದಲ್ಲ. ಗಿಳಿಗಳಿಗೆ ಕೊಕ್ಕೇ ಮೂರನೇ ಕಾಲು. ನಾವು ಬಸ್ ಹತ್ತುವಾಗ ಕಂಬಿ ಹಿಡಿಯುತ್ತೇವಲ್ಲ, ಹಾಗೆ ಹಿಡಿದು ನೋಡಿ ಆಮೇಲೆ ಕಾಲಿಡುತ್ತವೆ. ನಾನು ಕಂಬಿಯನ್ನೇ ಕಿತ್ತುಕೊಂಡಿದ್ದೆ! ಒಂದು ವಾರ ನನ್ನ ಕಡೆ ತಿರುಗಿ ನೋಡಲಿಲ್ಲ.

ಇಷ್ಟರಲ್ಲಿ ನನ್ನ ಮಾವ ಬಂದರು. ನಿವೃತ್ತ ಮೇಷ್ಟ್ರು. ಮುಖ ನೋಡಿಯೇ ಯಾವ ಹುಡುಗ ಹೋಂವರ್ಕ್ ಮಾಡಿಲ್ಲ ಅಂತ ಹೇಳುತ್ತಿದ್ದರಂತೆ. ಅವರು ತಂದ ಮೈಸೂರುಪಾಕ್ ಎರಡೇ ದಿನದಲ್ಲಿ ಖಾಲಿ. ಖಾಲಿ ಡಬ್ಬ ನಡುಮನೆಯ ಸೋಫಾದ ಮೂಲೆಯಲ್ಲೇ ಉಳಿಯಿತು. ಕತ್ತಲೆ ಮೂಲೆ, ಒಳ್ಳೇ ರಟ್ಟು. ದಿವಾನರು ಅದನ್ನು ತಮ್ಮ ಗೂಡು ಎಂದು ಘೋಷಿಸಿಕೊಂಡರು.

ಸಂಜೆ ಮಾವ ಕಾಫಿ ಲೋಟ ಹಿಡಿದು ಅದೇ ಮೂಲೆಗೆ ಹೋಗಿ ಕೂತರು. ಡಬ್ಬದ ಬಾಗಿಲಲ್ಲಿ ದಿವಾನರು ರೆಕ್ಕೆಯನ್ನು ಮೈಯಿಂದ ಅರ್ಧ ಬಿಡಿಸಿ, ಎಡಕ್ಕೆ ಬಲಕ್ಕೆ ತೂಗಾಡತೊಡಗಿದರು. ಜುಟ್ಟು ಕಾಣಿಸುತ್ತಲೇ ಇಲ್ಲ.

"ನೋಡಿ ಅಳಿಯಂದ್ರೇ, ನನ್ನ ನೋಡಿ ಕುಣೀತಿದೆ!"

"ಮಾವ, ಜುಟ್ಟು..." ಎಂದೆ.

"ಜುಟ್ಟು ಚೆನ್ನಾಗೇ ಬಾಚಿಕೊಂಡಿದೆ" ಎನ್ನುತ್ತ, ಮುತ್ತು ಕೊಡಲು ಬಗ್ಗಿದರು. ದಿವಾನರು ಮೂಗಿನ ತುದಿ ಆರಿಸಿಕೊಂಡರು. ಕಾಫಿ ನನ್ನ ಪಂಚೆಗೆ, ಕನ್ನಡಕ ಡಬ್ಬದೊಳಕ್ಕೆ. ಕನ್ನಡಕ ತೆಗೆಯಲು ಹೋದ ನನಗೂ ಪ್ರಸಾದ ಸಿಕ್ಕಿತು.

ಮಾವ ಮೂಗಿಗೆ ಅರಿಶಿನ ಮೆತ್ತಿಕೊಂಡು, "ಆ ಹಕ್ಕಿಗೆ ಶಿಸ್ತಿಲ್ಲ" ಎಂದು ತೀರ್ಪು ಕೊಟ್ಟರು. ಹಕ್ಕಿ ಡಾಕ್ಟರಿಗೆ ಫೋನ್ ಮಾಡಿದೆವು. ಡಬ್ಬ ಬಿಸಾಡಿ, ಸಂಜೆ ಬೇಗ ಪಂಜರಕ್ಕೆ ಬಟ್ಟೆ ಮುಚ್ಚಿ, ಹನ್ನೆರಡು ಗಂಟೆ ಕತ್ತಲಲ್ಲಿ ನಿದ್ದೆ ಮಾಡಲಿ ಅಂದರು. ದಿನದ ಬೆಳಕು ಜಾಸ್ತಿಯಾದರೆ, ಗೂಡಿನಂಥ ಜಾಗ ಸಿಕ್ಕರೆ ಗಂಡಿಗೆ ಸಂಸಾರದ ಹುರುಪು ಏರುತ್ತದಂತೆ. ಕೆಲವು ವಾರದಲ್ಲಿ ದಿವಾನರು ತಣ್ಣಗಾದರು. ಈಗ ರಾತ್ರಿ ಮಲಗುವ ಮುಂಚೆ ಕೊಕ್ಕನ್ನು ಕಟಕಟ ಮಸೆಯುತ್ತಾರೆ. ನಾನು ಆಯುಧ ಹರಿತ ಮಾಡ್ತಿದ್ದಾರೆ ಅಂದುಕೊಂಡಿದ್ದೆ. ಅದು ನೆಮ್ಮದಿಯ ನಿದ್ದೆಯ ಸದ್ದಂತೆ.

ಮಾವ ಈಗಲೂ ಬರುತ್ತಾರೆ. ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡುತ್ತಾರೆ. ಅಳಿಯ, ಮಗಳು, ಮೊಮ್ಮಗಳು ಹೇಗಿದ್ದಾರೆ ಅಂತ ಅಲ್ಲ.

"ಜುಟ್ಟು ಎಲ್ಲಿದೆ?"