ಮಾವನವರ ಮೇನ್ ಸ್ವಿಚ್ಚು

"ಈಗೆಲ್ಲ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು" ಅನ್ನುವವರ ಮನೆಯಲ್ಲಿ ನಮ್ಮ ಮಾವನಂಥವರು ಇರಲಿಕ್ಕಿಲ್ಲ. ಇದ್ದಿದ್ದರೆ ಆ ಮಾತು ಬಾಯಿಗೇ ಬರುತ್ತಿರಲಿಲ್ಲ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ, ನಾನು ಲೆಕ್ಕ ಬರೆಯುವ ಆಫೀಸು ಬೆಂಗಳೂರಿನಲ್ಲಿ. ಆಫೀಸಿನ ಕಂಪ್ಯೂಟರ್ ಮುಟ್ಟಲು ವಿಪಿಎನ್ ಅನ್ನೋ ಸುರಕ್ಷಿತ ಸಂಪರ್ಕ ಬೇಕು, ಅದಿರೋದು ನಮ್ಮ ಮಹಡಿ ರೂಮಿನ ಕಂಪ್ಯೂಟರಿನಲ್ಲಿ ಮಾತ್ರ. ಊರಿಗೆ ಹೋದಾಗ ದೂರದ ಕಂಪ್ಯೂಟರನ್ನು ಕೂತಲ್ಲಿಂದಲೇ ನಡೆಸುವ ಎನಿಡೆಸ್ಕ್ ಆ್ಯಪಿನಿಂದ, ಮೊಬೈಲಿನಲ್ಲೇ, ಮನೆಯದನ್ನು ಹಿಡಿಯಬೇಕು, ಅದರಿಂದ ಆಫೀಸಿನದನ್ನು. ಧಾರವಾಡದ ಛತ್ರದಲ್ಲಿ ಕೂತವಳ ಬೆರಳು ಮೈಸೂರಿಗೆ ಹೋಗಿ, ಅಲ್ಲಿಂದ ಬೆಂಗಳೂರು ತಲುಪಿ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ತೆರೆಯಬೇಕು. ಹೊರಡುವ ಮುಂಚೆ ಕಂಪ್ಯೂಟರ್ ನಿದ್ದೆ ಹೋಗದಂತೆ ಸೆಟ್ಟಿಂಗ್ ಬದಲಿಸಿದ್ದೆ. ಕರೆಂಟ್ ಹೋದರೆ ಯುಪಿಎಸ್ ಇತ್ತು. ಸ್ವಿಚ್ಚಿನ ಮೇಲೆ "ದಯವಿಟ್ಟು ಆರಿಸಬೇಡಿ" ಅಂತ ಚೀಟಿ ಬೇರೆ.

ಧಾರವಾಡದ ಮದುವೆ ಬಿದ್ದಿದ್ದು 20ನೇ ತಾರೀಕು. ತಿಂಗಳ ತೆರಿಗೆ ರಿಟರ್ನು, ಅಂದರೆ ಜಿಎಸ್‌ಟಿಆರ್-3ಬಿಗೆ ಕಡೇ ದಿನ. ಇತ್ತ ಅಕ್ಷತೆ ಹಂಚುತ್ತಿದ್ದಾರೆ, ಅತ್ತ ಬಾಸ್ ಫೋನು: "ಮೇಡಂ, ಆ ಒಂದು ಪಾರ್ಟೀದು ಬಾಕಿ ಇದೆ." ಎನಿಡೆಸ್ಕ್ ತೆರೆದರೆ ಮನೆ ಕಂಪ್ಯೂಟರ್ ಆಫ್‌ಲೈನ್.

ಮನೆಯಲ್ಲುಳಿದಿದ್ದ ಮಾವನಿಗೆ ಫೋನ್ ಮಾಡಿದೆ. "ಮಾವ, ಮೇಲಿನ ಸ್ವಿಚ್ ಆರಿಸಿದ್ರಾ?"

"ಚೀಟಿ ಅಂಟಿಸಿದೀಯಲ್ಲಮ್ಮಾ, ನಾನ್ಯಾಕೆ ಮುಟ್ಟಲಿ? ಮಹಡೀದು ಮೇನ್ ಆಫ್ ಮಾಡ್ದೆ."

"ಯುಪಿಎಸ್ಸು?"

"ಮೇನ್ ಆರಿಸಿದ ಮೇಲೆ ಒಂದೇ ಸಮ ಕಿಂಯ್ ಕಿಂಯ್ ಅಂತಿತ್ತು. ಬಟನ್ ಒತ್ತಿ ಬಾಯಿ ಮುಚ್ಚಿಸ್ದೆ."

ಪಕ್ಕದಲ್ಲಿದ್ದ ಅತ್ತೆ ತಿರುಗಿಯೂ ನೋಡಲಿಲ್ಲ. "ನಾನು ಸಂಸಾರ ಮಾಡಿದ್ದೇ ಕತ್ತಲಲ್ಲಿ ಕಣೇ" ಅಂದರು.

ಭಾನುವಾರ ಸಂಜೆಯಾದರೆ ಅರಮನೆಗೆ ಹತ್ತಿರಹತ್ತಿರ ಒಂದು ಲಕ್ಷ ಬಲ್ಬು ಹೊತ್ತಿಸುವ ಊರು ನಮ್ಮದು. ಅದೇ ಊರಲ್ಲಿ ಮಾವ ರಾತ್ರಿ ಮಲಗುವ ಮುಂಚೆ ಮನೆಯೆಲ್ಲ ಸುತ್ತಿ, ಟಿವಿ ಮೂಲೆಯ ಸಾಸಿವೆಯಷ್ಟು ಕೆಂಪು ದೀಪವನ್ನೂ ಹುಡುಕಿ ಆರಿಸುತ್ತಾರೆ. 2023ರಲ್ಲಿ ಗೃಹಜ್ಯೋತಿ ಬಂದಾಗ, ಕರೆಂಟು ಫ್ರೀ ಆಯಿತು, ಇನ್ನಾದರೂ ಬಿಡುತ್ತಾರೆ ಅಂದುಕೊಂಡೆ. ಎಲ್ಲಿಯ ಮಾತು! ಹಿಂದಿನ ಸರಾಸರಿಯ ಮೇಲೆ ಶೇಕಡಾ 10ರವರೆಗೆ ಮಾತ್ರ ಬಿಟ್ಟಿ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಅನ್ನೋದು ಅವರಿಗೆ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಪಾಠ. ಕಾವಲು ಇನ್ನೂ ಬಿಗಿಯಾಯಿತು.

ಮೇನ್ ಹಾಕಿಸಿದೆ. ಯುಪಿಎಸ್ ಒತ್ತಿಸಿದೆ. "ಈಗ ಕಂಪ್ಯೂಟರ್ ಆನ್ ಮಾಡಿ ಮಾವ" ಅಂದೆ. ಮಾವ ಮಾನಿಟರಿನ ಬಟನ್ ಒತ್ತಿದರು.

"ನೋ ಸಿಗ್ನಲ್ ಅಂತ ಬರ್ತಿದೆ ಕಣಮ್ಮಾ. ತಾಳು, ಟೆರೇಸಿಗೆ ಹೋಗ್ತೀನಿ."

ನಾನು "ಮಾವ, ಮಾವ" ಅನ್ನುವಷ್ಟರಲ್ಲಿ ಮೆಟ್ಟಿಲು ಹತ್ತಿಯೇಬಿಟ್ಟರು. ಮೇಲೆ ಪಕ್ಕದ ಮನೆಯವರು ಸಿಕ್ಕರು. ಹಪ್ಪಳ ಒಣಗಿತಾ, ಕಾವೇರಿ ನೀರು ಬೆಳಿಗ್ಗೆ ಎಷ್ಟು ಗಂಟೆಗೆ ಬಿಟ್ಟರು, ಎಲ್ಲ ವಿಚಾರಣೆಯೂ ನನ್ನ ಕಿವಿಯಲ್ಲೇ ನಡೆಯಿತು. ಆಮೇಲೆ ಫೋನಿಗೆ, "ಈಗ ಬಂತಾಮ್ಮಾ ಸಿಗ್ನಲ್ಲು?" ಇಲ್ಲಿ ಗಟ್ಟಿಮೇಳ ಶುರುವಾಗಿತ್ತು. ಸೊಸೆಯಾದವಳು ಕಿರುಚುವಂತಿಲ್ಲ, ಓಲಗದ ಸದ್ದಿನಲ್ಲಿ ಸ್ವಲ್ಪ ಕಿರುಚಿದೆ.

ಇಳಿಯುವಾಗ ಮಂಡಿ ನೋವಿಗೆ ಮೆಟ್ಟಿಲ ಮೇಲೆ ಕೂತರು ಅಂತ ಕಾಣುತ್ತೆ. ಮಾವ ಮಳವಳ್ಳಿ ಕಡೆಯವರು. ಕೂತಲ್ಲಿಂದಲೇ ಹೇಳಿದರು: "ಶಿವನಸಮುದ್ರದ ಬ್ಲಫಲ್ಲಿ ಕರೆಂಟ್ ಹುಟ್ಟಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯ್ತಮ್ಮಾ. ಪಕ್ಕದೂರಲ್ಲಿ ಹುಟ್ಟಿದ ನಾನು ಎಸ್ಸೆಲ್ಸಿ ಓದಿದ್ದು ಬುಡ್ಡಿ ದೀಪದಲ್ಲಿ. ದೀಪ ಸುಮ್ನೆ ಉರೀತಿದ್ರೆ ಈಗ್ಲೂ ಕಣ್ಣಲ್ಲಿ ನೋಡಕ್ಕಾಗಲ್ಲ." ಒಂದೇ ಮನೆಯಲ್ಲಿದ್ದೂ ಈ ಮಾತು ಕೇಳಿರಲಿಲ್ಲ. ಇನ್ನೇನಾದರೂ ಕೇಳೋಣ ಅಂದರೆ ಬಾಸ್ ಕಾಲ್ ಮತ್ತೆ ವೇಟಿಂಗಿನಲ್ಲಿ.

ಕೊನೆಗೂ ಮೇಜಿನ ಕೆಳಗಿನ ಕಪ್ಪು ಡಬ್ಬದ ಬಟನ್ ಒತ್ತಿಸಿ, ಫೋನಿಟ್ಟು, ಮನೆ ಕಂಪ್ಯೂಟರ್ ಹಿಡಿದೆ. ವಿಪಿಎನ್ ಬಂತು. ಬೆಂಗಳೂರು ಬಂತು. ಅಂಗೈಯಗಲದ ಪರದೆಯಲ್ಲಿ ಟ್ಯಾಲಿಯ ಅಕ್ಷರ ಇರುವೆ ಸಾಲು. ಹಿಗ್ಗಿಸಿ, ಜರುಗಿಸಿ, ಬೇಕಾದ ಲೆಡ್ಜರ್ ಮೇಲೆ ಬೆರಳಿಟ್ಟೆ. ಪರದೆ ಕಪ್ಪಾಯಿತು.

ಮರುಕ್ಷಣ ಮಾವನ ಫೋನು, ಏದುಸಿರು. "ಅಮ್ಮಾ, ಗಾಬರಿಯಾಗ್ಬೇಡ. ಬಾಣ ತಾನಾಗೇ ಓಡಾಡ್ತಿತ್ತು, ಯಾರೋ ಒಳಗೆ ನುಗ್ಗಿದ್ರು. ತಕ್ಷಣ ಮೇನ್ ಆಫ್ ಮಾಡ್ದೆ!"

ಇಂಥ ಆ್ಯಪ್ ಹಾಕಿಸಿ ಖಾತೆ ಬರಿದು ಮಾಡುವವರ ಬಗ್ಗೆ 2019ರಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿತ್ತು. ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಮಾವನ ಕೈಗೆ ಕೊಟ್ಟವಳು ನಾನೇ.

"ಅದು ನಾನೇ ಮಾವ" ಅಂದೆ.

"ನೀನು ಧಾರವಾಡದಲ್ಲಿದೀಯಲ್ಲಮ್ಮಾ?"

ಈ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಮೊದಲ ಪಂಕ್ತಿ ಎದ್ದಿತ್ತು. ರಿಟರ್ನ್ ಹೋಗಲಿಲ್ಲ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ ಅಂತ ತಿಳಿದಾಗ ಮಾವ ನಿಟ್ಟುಸಿರು ಬಿಟ್ಟು, "ಅಷ್ಟೇ ತಾನೇ, ನನ್ನ ಪೆನ್ಷನ್ನಲ್ಲಿ ಕೊಡ್ತೀನಿ. ನೀವು ಬರೋವರೆಗೂ ಮಹಡಿ ಮೇನ್ ಆಫಲ್ಲೇ ಇರ್ಲಿ, ಮೀಟರ್ ಆಗ್ಲೇ 160 ತೋರಿಸ್ತಿದೆ" ಅಂದರು.